ಕಿರ್ರೆನ್ನುವುದು ಯಾವಾಗ?

ಕಾರಿನ ಬೇರೆ ಸದ್ದುಗಳನ್ನು ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಬಾಗಿಲು ಲೊಡಲೊಡ ಎಂದರೆ ಹಾಡಿನ ಸದ್ದು ಒಂದಿಷ್ಟು ಏರಿಸುತ್ತಾನೆ. ಹಿಂದುಗಡೆ ಏನೋ ಕಟಕಟ ಎಂದರೆ ಜಾಕ್ ಸಡಿಲಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಸ್ಟೇರಿಂಗ್ ಕಿರುಗುಟ್ಟಿದರೆ ಮಾತ್ರ ಹಾಗಾಗುವುದಿಲ್ಲ. ಅದು ಕಿವಿಗೆ ಕೇಳುವುದರ ಜೊತೆಗೆ ಅಂಗೈಗೂ ತಿಳಿಯುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಕಾರನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸುವಾಗಂತೂ ಗೋಡೆಗಳೆಲ್ಲ ಸೇರಿ ಅದನ್ನು ಹತ್ತು ಪಟ್ಟು ಮಾಡುತ್ತವೆ. ಪಕ್ಕದಲ್ಲಿ ಕೂತವರು ಒಮ್ಮೆ ನೋಡುತ್ತಾರೆ, ವಾಚ್‌ಮನ್ ಒಮ್ಮೆ ನೋಡುತ್ತಾನೆ. ಮರುದಿನ ಕಾರು ಗ್ಯಾರೇಜಿಗೆ ಹೋಗುತ್ತದೆ.

ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಸೌಂಡ್ ಎಲ್ಲಿಂದ ಬರ್ತಿದೆ ಸಾರ್?’ ಎಂಬುದಾದರೆ ಬೇರೆ ಗ್ಯಾರೇಜು ನೋಡಿಕೊಳ್ಳುವುದೇ ವಾಸಿ ಎಂದು ನನಗನ್ನಿಸುತ್ತದೆ. ಸ್ಟೇರಿಂಗಿನಿಂದ ಟೈರಿನವರೆಗೆ ಇರುವುದೆಲ್ಲ ಒಂದಕ್ಕೊಂದು ಬಿಗಿದ ಉಕ್ಕು. ಗಾಳಿಯಲ್ಲಿ ಹೋಗುವುದಕ್ಕಿಂತ ಸುಮಾರು 15 ಪಟ್ಟು ವೇಗವಾಗಿ ಸದ್ದು ಉಕ್ಕಿನೊಳಗೆ ಹೋಗುತ್ತದೆ. ಕೆಳಗೆ ಲೋವರ್ ಆರ್ಮಿನಲ್ಲಿ ಹುಟ್ಟಿದ್ದು ಆ ಕ್ಷಣವೇ ಮೇಲೆ ಬಂದು ಡ್ಯಾಶ್‌ಬೋರ್ಡಿನ ತೆಳು ಪ್ಲಾಸ್ಟಿಕ್ಕನ್ನು ನಡುಗಿಸುತ್ತದೆ. ನಾವು ಡ್ಯಾಶ್‌ಬೋರ್ಡನ್ನು ಬೈಯುತ್ತೇವೆ. ಎಲ್ಲಿ ಎಂದು ಕೇಳಿದರೆ ಕಿವಿ ಕೊಡುವ ಉತ್ತರ ಬರೀ ಊಹೆ. ಯಾವಾಗ ಎಂದು ಕೇಳಿದರೆ, ಕಾರು ಓಡಿಸುವವನಿಗಿಂತ ಚೆನ್ನಾಗಿ ಉತ್ತರ ಬಲ್ಲವರು ಇಲ್ಲ. ಬೆಳಿಗ್ಗೆ ಮೊದಲ ಸಲ ತಿರುಗಿಸುವಾಗಲೋ, ಬಿಸಿಲೇರಿದ ಮೇಲೋ? ನಿಂತಲ್ಲೇ ತಿರುಗಿಸಿದಾಗಲೋ, ಹಂಪು ಹತ್ತುವಾಗಲೋ? ಇಂಜಿನ್ ಆಫ್ ಇದ್ದರೂ ಬರುತ್ತದೋ? ಮಳೆ ಬಂದರೆ ನಿಲ್ಲುತ್ತದೋ, ಮಳೆಯಲ್ಲೇ ಶುರುವಾಗುತ್ತದೋ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಕೆಲಸ ಆದ ಹಾಗೆ.

ಕಿರುಗುಟ್ಟುವ ವಸ್ತು ಯಾವುದೇ ಇರಲಿ, ಒಳಗೆ ನಡೆಯುವುದು ಒಂದೇ ವ್ಯಾಪಾರ. ಒತ್ತಿಕೊಂಡಿರುವ ಎರಡು ಮೈಗಳು ಒಂದರ ಮೇಲೊಂದು ಜಾರಬೇಕು. ನಡುವಿನ ಗ್ರೀಸು ಒಣಗಿದೆ. ಆಗ ಅವು ಅಂಟಿಕೊಳ್ಳುತ್ತವೆ, ಬಲ ಹೆಚ್ಚಾದಾಗ ಥಟ್ಟನೆ ಬಿಡುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದಕ್ಕೊಂದು ಸ್ವರ ಬರುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಕಮಾನಿಗೆ ರಾಳ ಹಚ್ಚುವುದು ಚೆನ್ನಾಗಿ ಅಂಟಲಿ ಎಂದೇ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ತಂತಿಯ ಈ ಆಟವನ್ನು ವಿವರಿಸಿದ್ದ. ನಮ್ಮ ಸಿ.ವಿ. ರಾಮನ್ ಬೆಳಕಿನ ಚದುರಿಕೆಯಿಂದ ಹೆಸರಾಗುವ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಕಮಾನು ಮತ್ತು ತಂತಿಯ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. 1918ರಲ್ಲಿ ಅದರ ಮೇಲೊಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಕಮಾನಿನ ಒತ್ತಡವನ್ನೂ ವೇಗವನ್ನೂ ಬೇಕಾದಂತೆ ಹೊಂದಿಸಿ ಅಳೆಯಲು ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ವೇಗ ಬದಲಾದರೆ, ಒತ್ತಡ ಬದಲಾದರೆ, ಅಂಟಿ ಜಾರುವ ಆಟ ಬದಲಾಗುತ್ತದೆ ಅಥವಾ ನಿಂತೇಹೋಗುತ್ತದೆ. ಸ್ಟೇರಿಂಗನ್ನು ನಿಧಾನ ತಿರುಗಿಸಿದಾಗ ಅಳುವ ಕಾರು ಬೇಗ ತಿರುಗಿಸಿದಾಗ ಸುಮ್ಮನಾಗುವುದು ಇದಕ್ಕೇ. ‘ನೀವು ಕೂತಾಗ ಮಾತ್ರ ಸೌಂಡೇ ಬರಲ್ಲ’ ಎಂದು ಮೆಕ್ಯಾನಿಕ್ಕಿನ ಎದುರು ಪೆಚ್ಚಾಗುವ ಮಾಲೀಕರು ಇದೊಂದನ್ನು ನೆನಪಿಡಬೇಕು: ಆತ ನಿಮ್ಮಷ್ಟು ನಿಧಾನವಾಗಿ ಸ್ಟೇರಿಂಗ್ ತಿರುಗಿಸಿರುವುದಿಲ್ಲ.

ಹಾಗಾಗಿ ಪತ್ತೆ ಹಚ್ಚುವುದೆಂದರೆ ಒಂದೊಂದನ್ನೇ ಕಳೆಯುತ್ತ ಹೋಗುವುದು. ಮೊದಲು ಇಂಜಿನ್ ಕಳೆಯಿರಿ. ಕೀಲಿ ತಿರುಗಿಸಿ ಸ್ಟೇರಿಂಗ್ ಲಾಕ್ ಬಿಡಿಸಿ, ಸ್ಟಾರ್ಟ್ ಮಾಡದೆ, ಸ್ಟೇರಿಂಗನ್ನು ಅತ್ತಿತ್ತ ಆಡಿಸಿ. ಪವರ್ ಸ್ಟೇರಿಂಗ್ ಆದರೆ ಬಿಗಿಯಿರುತ್ತದೆ, ಸ್ವಲ್ಪ ಆಡಿದರೂ ಸಾಕು. ಆಗಲೂ ಕಿರ್ರ್ ಎಂದರೆ ಪವರ್ ಸ್ಟೇರಿಂಗಿನ ಪಂಪು, ಬೆಲ್ಟು ಎರಡೂ ಪಾರು. ಆಮೇಲೆ ಭಾರ ಕಳೆಯಿರಿ. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಕಾರನ್ನು ಎತ್ತಿ ಮತ್ತೆ ತಿರುಗಿಸಿ. ಸದ್ದು ಹೋಯಿತೋ, ಅದು ಕಾರಿನ ಭಾರ ಹೊರುವ ಯಾವುದೋ ಕೀಲಿನದು. ಹೋಗಲಿಲ್ಲವೋ, ಮೇಲೆ ಸ್ಟೇರಿಂಗ್ ದಂಡದ ಕಡೆ ಹುಡುಕಬೇಕು. ಈ ಕೆಲಸ ಗ್ಯಾರೇಜಿನ ಲಿಫ್ಟಿನ ಮೇಲೆ ಆಗಲಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕುವುದು ಯಾವ ಸದ್ದಿಗೂ ತಕ್ಕ ಬೆಲೆಯಲ್ಲ.

ಕಾರಿನ ಒಳಗೇ ಇರುವ ಕಾರಣಗಳು ಅಗ್ಗದವು, ಆದ್ದರಿಂದಲೇ ಯಾರೂ ಅವನ್ನು ಮೊದಲು ನೋಡುವುದಿಲ್ಲ. ಸಿಗ್ನಲ್ಲಿನಲ್ಲಿ ಕೊಂಡ ರೆಕ್ಸಿನ್ ಸ್ಟೇರಿಂಗ್ ಕವರು ಹಿಂಬದಿಯ ಪ್ಲಾಸ್ಟಿಕ್ಕಿಗೆ ಉಜ್ಜಿ ಕಿರುಗುಟ್ಟುವುದುಂಟು; ಅದನ್ನು ಬಿಚ್ಚಿ ನೋಡಲು ಕಾಸು ಬೇಕಿಲ್ಲ. ಅದರಾಚೆ ಸ್ಟೇರಿಂಗಿನ ಹಿಂದೆ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ ಕೇಬಲ್ಲಿದೆ. ಹಾರ್ನಿಗೂ ಏರ್‌ಬ್ಯಾಗಿಗೂ ವಿದ್ಯುತ್ ಸಂಪರ್ಕ ಅದರ ಮೂಲಕವೇ. ಒಳಗೆ ಧೂಳು ಸೇರಿದರೆ ತಿರುಗಿಸುವಾಗಲೆಲ್ಲ ಸರಸರ ಎನ್ನುತ್ತದೆ. ಸದ್ದಿನ ಜೊತೆಗೆ ಹಾರ್ನ್ ಆಗಾಗ ಕೈಕೊಟ್ಟರೆ ಅಥವಾ ಏರ್‌ಬ್ಯಾಗಿನ ದೀಪ ಹತ್ತಿಕೊಂಡೇ ಇದ್ದರೆ ಅದೇ ಎನ್ನಬಹುದು. ಇದೊಂದನ್ನು ಮನೆಯಲ್ಲಿ ಬಿಚ್ಚಬಾರದು. 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಅಂದರೆ ಈಚಿನ ಎಲ್ಲ ಸ್ಟೇರಿಂಗಿನ ನಡುವೆಯೂ ಒಂದು ಸಿಡಿಮದ್ದಿನ ಗುಳಿಗೆ ಕೂತಿದೆ. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಗೊತ್ತಿರುವವರೇ ಕೈಹಾಕುವ ಜಾಗ ಅದು.

ನನ್ನ ಮಟ್ಟಿಗೆ ಅತಿ ಹೆಚ್ಚು ಜನರನ್ನು ಸುತ್ತಿಸಿದ ಅಪರಾಧಿ ಇನ್ನೂ ಕೆಳಗಿದೆ. ಪೆಡಲುಗಳ ಮೇಲೆ, ಸ್ಟೇರಿಂಗ್ ದಂಡ ಇಂಜಿನ್ ಕಡೆಗೆ ದಾಟುವ ತೂತಿಗೆ ಒಂದು ರಬ್ಬರ್ ಬೂಟು ಇರುತ್ತದೆ. ಇಂಜಿನ್ನಿನ ಶಾಖ, ಧೂಳು, ನೀರು ಒಳಗೆ ಬರದಂತೆ ಅದು ದಂಡವನ್ನು ಅಪ್ಪಿಕೊಂಡಿರುತ್ತದೆ. ದಂಡ ತಿರುಗಿದಾಗಲೆಲ್ಲ ರಬ್ಬರಿನ ಅಂಚು ಅದರ ಮೇಲೆ ಜಾರಬೇಕು. ಕಾರ್ಖಾನೆಯಲ್ಲಿ ಸವರಿದ ಗ್ರೀಸು ಕೆಲವು ಬೇಸಿಗೆಗಳಲ್ಲಿ ಒಣಗುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಇನ್ನೂ ಬೇಗ. ಆಮೇಲೆ ಪ್ರತಿ ತಿರುವಿಗೂ, ದಂಡದ ಅದೇ ಜಾಗ ಬಂದಾಗ, ಅದೇ ಕೀರಲು. ಇಂಜಿನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಚಕ್ರ ನೆಲದ ಮೇಲಿದ್ದರೂ ಅಷ್ಟೇ, ಗಾಳಿಯಲ್ಲಿದ್ದರೂ ಅಷ್ಟೇ. ಮಳೆಗಾಲದ ತೇವಕ್ಕೆ ತಾನಾಗಿಯೇ ತೆಪ್ಪಗಾಗಿ ಮಾರ್ಚ್ ಬಂದ ಕೂಡಲೇ ಹಾಜರಾದರೆ ಅನುಮಾನವನ್ನು ಇದರ ಮೇಲೇ ಇಡಿ. ಡ್ಯಾಶ್‌ಬೋರ್ಡಿನಡಿ ಟಾರ್ಚ್ ಹಿಡಿದು ಮಲಗಿ ಆ ಅಂಚಿನ ಸುತ್ತ ಒಂದಿಷ್ಟು ಸಿಲಿಕೋನ್ ಗ್ರೀಸು ಸವರಿ, ಸ್ಟೇರಿಂಗನ್ನು ಪೂರ್ತಿ ಅತ್ತಿಂದಿತ್ತ ತಿರುಗಿಸಿದರೆ ಮುಗಿಯಿತು. ಇಷ್ಟಕ್ಕೇ, ಸ್ಟೇರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ರ್‍ಯಾಕ್ ಬದಲಿಸಿಕೊಂಡು ಬಂದವರಿದ್ದಾರೆ. ಹೊಸ ರ್‍ಯಾಕ್ ಹಾಕುವಾಗ ಬೂಟು ಅಲುಗಾಡಿ ಕೆಲವು ದಿನ ಸದ್ದು ನಿಂತಿರುತ್ತದೆ, ಬಿಲ್ಲು ಕಟ್ಟಿದ್ದು ಸಾರ್ಥಕ ಎನ್ನಿಸುತ್ತದೆ.

ರ್‍ಯಾಕಿನ ಮಾತು ಬಂದಿತಲ್ಲ. ಕೆಟ್ಟ ರ್‍ಯಾಕ್ ಸಾಮಾನ್ಯವಾಗಿ ಕಿರುಗುಟ್ಟುವುದಿಲ್ಲ. ಅದರ ಬುಷ್ ಸವೆದರೆ ಗುಂಡಿಬಿದ್ದ ರಸ್ತೆಯಲ್ಲಿ ಕಟಕಟ ಎನ್ನುತ್ತದೆ, ಸ್ಟೇರಿಂಗಿನಲ್ಲಿ ಆಟ ಬರುತ್ತದೆ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಕಟಕಟಕ ಎಂದು ಕೇಳಿಸಿದರೆ ಅದು ಸ್ಟೇರಿಂಗಿನದೇ ಅಲ್ಲ, ಆಕ್ಸಲಿನ ಸಿವಿ ಜಾಯಿಂಟಿನದು. ಬರೀ ಕೀರಲಿಗೆ ‘ರ್‍ಯಾಕೇ ಹೋಗಿದೆ’ ಎಂಬ ತೀರ್ಪು ಬಂದರೆ ಕಾರಣ ಕೇಳಬೇಕು. ಅದು ಹತ್ತಾರು ಸಾವಿರದ ವಿಷಯ.

ಏನು ಹಚ್ಚಬೇಕು ಎಂಬುದರಲ್ಲೂ ನಮಗೆ ಅವಸರ. ಮನೆಮನೆಯಲ್ಲಿ ಈಗ ನೀಲಿ ಹಳದಿ ಡಬ್ಬಿಯ ಡಬ್ಲ್ಯೂಡಿ-40 ಇದೆ. ಕಿರ್ರೆಂದದ್ದಕ್ಕೆಲ್ಲ ಅದರ ಅಭಿಷೇಕ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿ ಅದನ್ನು ಮಾಡಿದ್ದು ಲೋಹದ ಮೇಲಿನ ನೀರು ಓಡಿಸಿ ತುಕ್ಕು ತಡೆಯಲು. ಅಟ್ಲಾಸ್ ಕ್ಷಿಪಣಿಯ ಹೊರಮೈಗೂ ಅದನ್ನು ಬಳಿದರು. ಕೀಲಿನೊಳಗೆ ವರ್ಷಗಟ್ಟಲೆ ನಿಲ್ಲುವ ಗ್ರೀಸಿನ ಕೆಲಸ ಅದರದಲ್ಲ. ಇದ್ದ ಗ್ರೀಸನ್ನೂ ಕರಗಿಸಿ ಇಳಿಸುತ್ತದೆ. ವಾರದೊಳಗೆ ಸದ್ದು ಮೊದಲಿಗಿಂತ ಜೋರಾಗಿ ವಾಪಸ್ಸು. ಕೊಬ್ಬರಿ ಎಣ್ಣೆಯ ಭಕ್ತರೂ ಇದ್ದಾರೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವಂಥದ್ದು. ಡಿಸೆಂಬರಿನ ಬೆಳಗಿಗೆ ಧೂಳು ಹಿಡಿದ ಮೇಣವಾಗಿ ಕೂತಿರುತ್ತದೆ. ರಬ್ಬರು, ಪ್ಲಾಸ್ಟಿಕ್ಕಿಗೆ ಸಿಲಿಕೋನ್, ಲೋಹದ ಮೇಲೆ ಲೋಹ ತಿರುಗುವಲ್ಲಿ ಲಿಥಿಯಂ ಗ್ರೀಸು. ಇಷ್ಟು ಗೊತ್ತಿದ್ದರೆ ಸಾಕು. ಆ ಸ್ಪ್ರೇ ಡಬ್ಬಿಗೆ ಒಂದು ಉಪಯೋಗವಂತೂ ಇದೆ. ಲೋಹದ ಒಂದು ಕೀಲಿಗೆ ಮಾತ್ರ ಹೊಡೆದು ತಿರುಗಿಸಿ ನೋಡಿ, ಸದ್ದು ನಿಂತರೆ ಕಳ್ಳ ಸಿಕ್ಕಿದ. ರಿಪೇರಿ ಆಗಿಲ್ಲ, ಪತ್ತೆ ಆಗಿದೆ.

ಈಗ ಬಾನೆಟ್ಟು ಎತ್ತೋಣ. ಎಡಬಲದ ಮೂಲೆಗಳಲ್ಲಿ ದುಂಡನೆಯ ಎರಡು ಗೋಪುರ ಕಾಣುತ್ತವೆ. ಒಂದೊಂದರ ಕೆಳಗೂ ಒಂದು ಸ್ಟ್ರಟ್ ಇದೆ. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ಸ್ಟ್ರಟ್, ನಮ್ಮಲ್ಲಿ 1983ರ ಮಾರುತಿ 800ರ ಮೂಲಕ ಮನೆಮಾತಾಯಿತು. ಅದರಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲ ಸೇರಿ ಒಂದೇ ಕಂಬ. ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆಗೆ ಆ ಇಡೀ ಕಂಬ ತಿರುಗುತ್ತದೆ, ಅದೂ ಕಾರಿನ ಮುಂಭಾಗದ ಅರ್ಧ ಭಾರ ಹೊತ್ತುಕೊಂಡು. ಮೇಲೆ ಗೋಪುರದ ತುದಿಯಲ್ಲಿರುವ ಬೇರಿಂಗೊಂದೇ ಅದಕ್ಕೆ ಆಧಾರ. ನಮ್ಮ ಧೂಳು, ಮಳೆಗಾಲದ ಕೆಸರುನೀರು, ಕರಾವಳಿಯ ಉಪ್ಪುಗಾಳಿ ಸೇರಿ ಆ ಬೇರಿಂಗನ್ನು ತಿನ್ನುತ್ತವೆ. ಬೇರಿಂಗು ಹಿಡಿದುಕೊಂಡ ಮೇಲೆ ಸ್ಪ್ರಿಂಗು ತಿರುಗಲಾರದೆ ತಿರುಚಿಕೊಳ್ಳುತ್ತದೆ, ತಡೆಯಲಾರದಷ್ಟಾದಾಗ ಟೊಂಯ್ ಎಂದು ಬಿಚ್ಚಿಕೊಳ್ಳುತ್ತದೆ. ಪಾರ್ಕಿಂಗಿನಲ್ಲಿ ನಿಧಾನ ತಿರುಗಿಸುವಾಗ ಕಿರ್ರ್, ಆಮೇಲೆ ಟೊಂಯ್. ಈ ಜೋಡಿ ಕೇಳಿದರೆ ಹೆಚ್ಚಿಗೆ ಯೋಚಿಸಬೇಕಿಲ್ಲ.

ಇದನ್ನು ಕೈಯಿಂದಲೇ ಖಾತ್ರಿ ಮಾಡಿಕೊಳ್ಳಬಹುದು. ಒಬ್ಬರು ಒಳಗೆ ಕೂತು ನಿಧಾನವಾಗಿ ಸ್ಟೇರಿಂಗ್ ತಿರುಗಿಸಲಿ. ಇನ್ನೊಬ್ಬರು ಗೋಪುರದ ಮೇಲೆ ಬೆರಳಿಡಲಿ. ಸರಿಯಿದ್ದ ಬೇರಿಂಗು ಬೆರಳಿಗೆ ತಿಳಿಯುವುದೇ ಇಲ್ಲ. ಕೆಟ್ಟದ್ದು ಗರಗರ ಎನ್ನುತ್ತದೆ, ನಡುವೆ ಒಂದು ನೆಗೆತ ಬರುತ್ತದೆ. ಮಾರುದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನ ಇರುವ ಕೀಲಿಗೆ ಹಿಡಿದರೂ ನಡೆಯುತ್ತದೆ. ಡಾಕ್ಟರರ ಸ್ಟೆತಾಸ್ಕೋಪು ಕೊರಳಲ್ಲಿ ಹಾಕಿಕೊಂಡು ಓಡಾಡುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಕೇಳುವ ಹಳಬರನ್ನು ಕಂಡರೆ ನನಗೆ ಅವರ ಮೇಲೆ ಇನ್ನೂ ಹೆಚ್ಚು ಭರವಸೆ. ಓಡುವ ಬೆಲ್ಟಿನ ಹತ್ತಿರ ಮಾತ್ರ ಈ ಆಟ ಬೇಡ.

ಕೆಳಗಿನ ಬಾಲ್ ಜಾಯಿಂಟು, ಟೈರಾಡ್ ಎಂಡುಗಳ ಕತೆ ಸ್ವಲ್ಪ ಬೇರೆ. ಅಂಬಾಸಡರ್ ಕಾಲದ ಕಾರುಗಳಲ್ಲಿ ಇಂಥ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಸರ್ವಿಸಿಗೆ ಬಿಟ್ಟಾಗ ಹುಡುಗನೊಬ್ಬ ಗ್ರೀಸ್ ಗನ್ ಹಿಡಿದು ಕೆಳಗೆ ನುಸುಳಿ, ಹಳೆಯ ಕಪ್ಪು ಗ್ರೀಸು ಹೊರಗೆ ಉಕ್ಕುವವರೆಗೆ ಒತ್ತುತ್ತಿದ್ದ. 2014ರಲ್ಲಿ ಅಂಬಾಸಡರ್ ನಿಲ್ಲುವುದಕ್ಕೆ ಬಹಳ ಮೊದಲೇ ಹೊಸ ಕಾರುಗಳಿಂದ ನಿಪ್ಪಲ್ ಮಾಯವಾಗಿತ್ತು. ಈಗಿನ ಕೀಲು ಒಳಗೆ ಗ್ರೀಸು ತುಂಬಿಸಿ ರಬ್ಬರ್ ಬೂಟಿನಿಂದ ಮುಚ್ಚಿದ್ದು, ಆಯುಷ್ಯವಿಡೀ ಬಿಚ್ಚಬೇಕಿಲ್ಲ ಎಂಬ ಭರವಸೆಯದು. ಯಾರ ಆಯುಷ್ಯ ಎಂದು ಯಾರೂ ಹೇಳುವುದಿಲ್ಲ. ಬೂಟು ಹರಿದ ದಿನಕ್ಕೆ ಆ ಭರವಸೆ ಮುಗಿಯಿತು. ನೀರು, ಮಣ್ಣು ಒಳಗೆ, ಗ್ರೀಸು ಹೊರಗೆ. ಆಯುಧಪೂಜೆಯ ಹಿಂದಿನ ದಿನ ಕಾರನ್ನು ವಾಟರ್ ಸರ್ವಿಸಿಗೆ ಒಯ್ದು, ನೀರಿನ ರಭಸಕ್ಕೆ ಕೆಳಗಿನ ಕೀಲುಗಳನ್ನೆಲ್ಲ ಒಡ್ಡಿ, ಮರುದಿನ ಸ್ಟೇರಿಂಗಿಗೆ ಹೂವು ಕುಂಕುಮ ಏರಿಸುತ್ತೇವೆ. ಅದೇ ನೆಪದಲ್ಲಿ ವರ್ಷಕ್ಕೊಮ್ಮೆ ಕೆಳಗಿನ ಬೂಟುಗಳ ಮೇಲೆ ಟಾರ್ಚ್ ಬಿಡಿಸಿದರೂ ಪೂಜೆಗೆ ಕುಂದಿಲ್ಲ. ಹರಿದ ಬೂಟು ಹೊಸದರಲ್ಲೇ ಕಂಡರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಬೆಲ್ಟಿನ ಅಳು ಇವೆಲ್ಲಕ್ಕಿಂತ ಸುಲಭ, ಏಕೆಂದರೆ ಅದು ಇಂಜಿನ್ ಇದ್ದಾಗ ಮಾತ್ರ. ಹೈಡ್ರಾಲಿಕ್ ಪವರ್ ಸ್ಟೇರಿಂಗಿರುವ ಹಳೆಯ ಕಾರು, ತಣ್ಣನೆಯ ಬೆಳಗು, ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದ ಕೂಡಲೇ ಕೀಂಯ್! ಕೊನೆಮುಟ್ಟ ತಿರುಗಿದಾಗ ಪಂಪಿನ ಮೇಲೆ ಭಾರ ಅತಿ ಹೆಚ್ಚು. ಸಡಿಲಾದ ಬೆಲ್ಟು ಅದನ್ನು ಎಳೆಯಲಾರದೆ ಪುಲ್ಲಿಯ ಮೇಲೆ ಜಾರುತ್ತದೆ. ಹಾಗೆ ಪೂರ್ತಿ ತಿರುಗಿಸಿ ಹಿಡಿದೇ ಇರುವ ಅಭ್ಯಾಸ ಪಂಪಿಗೂ ಎಣ್ಣೆಗೂ ಒಳ್ಳೆಯದಲ್ಲ. ಬೆಲ್ಟಿಗೆ ಹಳೆಯ ಪರೀಕ್ಷೆಯೊಂದಿದೆ. ಇಂಜಿನ್ ಓಡುತ್ತಿರುವಾಗ ದೂರದಿಂದಲೇ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಬೇಕು. ಸದ್ದು ಜೋರಾದರೆ ಬೆಲ್ಟು ಸಡಿಲ. ನಿಂತು, ಕ್ಷಣ ಬಿಟ್ಟು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲ. ಕೀರಲಿನ ಬದಲು ಗೊಂಯ್ ಎಂದು ನರಳುವುದಾದರೆ ಎಣ್ಣೆ ಕಡಿಮೆಯಾಗಿದೆ ಅಥವಾ ಅದರಲ್ಲಿ ಗಾಳಿ ಸೇರಿದೆ; ಎಣ್ಣೆಯ ಡಬ್ಬಿಯಲ್ಲಿ ನೊರೆ ಕಂಡರೆ ಖಚಿತ. ಎಣ್ಣೆ ತುಂಬಿಸಿ ಸುಮ್ಮನಾಗುವ ಹಾಗಿಲ್ಲ, ಮುಚ್ಚಿದ ವ್ಯವಸ್ಥೆಯಿಂದ ಅದು ಹೋದದ್ದೆಲ್ಲಿಗೆ ಎಂದು ನೋಡಬೇಕು.

ಇತ್ತೀಚಿನ ಸಣ್ಣ ಕಾರಿನವರು ಹಿಂದಿನ ಪ್ಯಾರಾ ಬಿಟ್ಟುಬಿಡಬಹುದಿತ್ತು. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕನ್ ಇಂಜಿನಿಯರ್ 1926ರಲ್ಲಿ ಎಣ್ಣೆಯ ಒತ್ತಡದಿಂದ ಸ್ಟೇರಿಂಗ್ ಹಗುರ ಮಾಡಿ ತೋರಿಸಿದ. ಮಾರಾಟದ ಕಾರಿಗೆ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್ಲಿನಲ್ಲಿ. ಪಂಪು, ಬೆಲ್ಟು, ಎಣ್ಣೆ ಯಾವುದೂ ಬೇಡ ಎಂದು ವಿದ್ಯುತ್ ಮೋಟಾರನ್ನು ಸ್ಟೇರಿಂಗಿಗೆ ಜೋಡಿಸಿದ್ದು ಜಪಾನಿನ ಸುಜುಕಿ, 1988ರಲ್ಲಿ, ತನ್ನ ಪುಟ್ಟ ಸರ್ವೋ ಕಾರಿಗೆ. ನಮ್ಮ ರಸ್ತೆಯ ಬಹುಪಾಲು ಹೊಸ ಕಾರುಗಳು ಈಗ ಆ ದಾರಿಯವು. ಅವುಗಳಲ್ಲಿ ಸುಂಯ್ ಎಂಬ ಮೋಟಾರಿನ ಸಣ್ಣ ದನಿ ಸಹಜ. ದೀಪ ಹತ್ತದೆ, ಸ್ಟೇರಿಂಗ್ ಬಿಗಿಯಾಗದೆ ಕೇಳುವ ಕೀರಲಿಗೆ ಅವುಗಳಲ್ಲೂ ಮೊದಲು ನೋಡಬೇಕಾದದ್ದು ಬೂಟು, ಬುಷ್, ಬೇರಿಂಗುಗಳನ್ನೇ.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು? ರಬ್ಬರ್ ಬೂಟಿನ ಕೀರಲಿಗೆ ಮುಂದಿನ ಸರ್ವಿಸ್‌ವರೆಗೆ ಕಾಯಬಹುದು. ಸದ್ದಿನ ಜೊತೆಗೆ ಸ್ಟೇರಿಂಗ್ ನಡುವೆ ಎಲ್ಲೋ ಹಿಡಿದಂತಾದರೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರದಿದ್ದರೆ, ಕಾರು ಒಂದು ಕಡೆಗೆ ಎಳೆದರೆ, ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಟ್ ಎಂದರೆ, ಆ ಕಾರಿನಲ್ಲಿ ಆಗುಂಬೆಯ 14 ತಿರುವು ಇಳಿಯುವ ಯೋಚನೆ ಬಿಡಬೇಕು. ಒಣಗಿದ ಬಾಲ್ ಜಾಯಿಂಟು ಮೊದಲು ಕಿರುಗುಟ್ಟುತ್ತದೆ, ಸವೆದು ಸಡಿಲಾದ ಮೇಲೆ ಕೆಲವೊಮ್ಮೆ ಸುಮ್ಮನಾಗುತ್ತದೆ. ಸದ್ದು ತಾನಾಗಿ ನಿಂತಿತೆಂದು ನಿರಾಳವಾಗುವ ಮೊದಲು ಒಮ್ಮೆ ಚಕ್ರ ಎತ್ತಿಸಿ ನೋಡುವುದು ಮೇಲು. ಆ ಜಾಯಿಂಟು ಕಳಚಿ ಬಿದ್ದರೆ ಚಕ್ರ ಮಗುಚಿಕೊಳ್ಳುತ್ತದೆ, ಸ್ಟೇರಿಂಗ್ ಇದ್ದೂ ಇಲ್ಲದಂತಾಗುತ್ತದೆ.

ಟೈರಾಡ್ ಎಂಡೋ ಸ್ಟ್ರಟ್ಟೋ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಕಾರು ತರಬಾರದು, ಟೈರು ಒಂದೇ ಕಡೆ ಸವೆಯುತ್ತದೆ. ಭಾಗ ನೀವೇ ತಂದುಕೊಡುವುದಾದರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಅಸಲಿಯಂತೆ ಕಾಣುವ ಪೊಟ್ಟಣವೂ ಸಿಗುತ್ತದೆ, ಅಸಲಿಯೂ ಸಿಗುತ್ತದೆ. ಬಿಲ್ಲು ಕೇಳಿದರೆ ಎರಡಕ್ಕೂ ಇರುವ ಅಂತರ ಬೇಗ ತಿಳಿಯುತ್ತದೆ. ಇನ್ನು ಗ್ಯಾರೇಜಿನಲ್ಲಿ ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೂ ಬಿಡಬೇಡಿ. ಬೇರಿಂಗನ್ನು ಎರಡು ಅಂಗೈಗಳ ನಡುವೆ ಒತ್ತಿ ತಿರುಗಿಸಿ, ಬಾಲ್ ಜಾಯಿಂಟಿನ ಕಡ್ಡಿಯನ್ನು ಬೆರಳಿನಿಂದ ಆಡಿಸಿ. ಗರಗರ ಎಂದರೆ, ಅಥವಾ ಕಡ್ಡಿ ತಡೆಯಿಲ್ಲದೆ ಲೊಳಲೊಳ ಆಡಿದರೆ, ಕೊಟ್ಟ ದುಡ್ಡು ಸರಿಯಾಗಿದೆ. ಬೇರಿಂಗು ನುಣ್ಣಗೆ ತಿರುಗಿದರೆ, ಕಡ್ಡಿ ಬಿಗಿಯಾಗಿ ಸಮನಾಗಿ ಆಡಿದರೆ, ಕಿರುಗುಟ್ಟಿದ್ದು ಬೇರೆ ಯಾವುದೋ, ಅದಿನ್ನೂ ಕಾರಿನಲ್ಲೇ ಇದೆ.